ರೋಗಿಗೆ ಸತ್ಯವನ್ನು ನುಡಿಯಬಹುದೆ?

ಸತ್ಯವನ್ನು ನುಡಿಯಬೇಕು, ಪ್ರಿಯವನ್ನು ನುಡಿಯಬೇಕು ಎಂಬ ಎರಡು ವಿಧಿಗಳೂ ಎಲ್ಲರಿಗೂ ಪರಿಚಿತವಾದವುಗಳೇ. ಇವು ಒಂದನ್ನೊಂದು ವಿರೋಧಿಸದಿರುವವರೆಗೆ ಧರ್ಮಮಾರ್ಗವು ಸುಗಮವಾಗಿರುವುದು. ವಿರೋಧಿಸಿದಾಗ ಯಾವುದನ್ನು ಹಿಡಿಯತಕ್ಕದ್ದು, ಯಾವುದನ್ನು ಬಿಡತಕ್ಕದ್ದು? ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ತಗುಲಿದವರ ಮನೆಗಳಲ್ಲಿ ಈ ಪ್ರಶ್ನೆಯು ಬಹು ತೀವ್ರವಾಗಿ ಎದುರಾಗುತ್ತದೆ.

ಆ ಗ್ರಂಥಿಯು ಜಠರದ ಹಿಂದೆ, ಬೆನ್ನೆಲುಬಿನ ಸಮೀಪದಲ್ಲಿ ಅಡಗಿಕೊಂಡಿರುವುದು. ಅಲ್ಲಿ ಮೊಳೆತ ಗೆಡ್ಡೆಯು ವೈದ್ಯನ ಕೈಗೆ ಸಿಕ್ಕುವುದಿಲ್ಲ. ಅನೇಕ ವೇಳೆ ಬಹುಕಾಲ ನೋವನ್ನೂ ಕೊಡುವುದಿಲ್ಲ. ಹಸಿವು ಕುಗ್ಗುವುದು, ಮೈ ಇಳಿಯುವುದು, ಹೊಟ್ಟೆಯ ನೋವು ಬೆನ್ನಿಗೆ ಹರಿಯುವುದು, ಇಳಿವಯಸ್ಸಿನಲ್ಲಿ ಹೊಸದಾಗಿ ಮಧುಮೇಹವು ತಲೆದೋರುವುದು, ಇವುಗಳಿಗೆಲ್ಲ ಬೇರೆ ಕಾರಣಗಳೂ ಉಂಟಷ್ಟೆ. ಗೆಡ್ಡೆಯು ಪಿತ್ತನಾಳವನ್ನು ಅದುಮಿ ಕಾಮಾಲೆಯನ್ನು ಉಂಟುಮಾಡಿದ ಮೇಲೆಯೇ ಎಷ್ಟೋ ಮಂದಿ ಆಸ್ಪತ್ರೆಯ ಮೆಟ್ಟಿಲನ್ನು ಹತ್ತುವರು. ಸಿ.ಟಿ. ಚಿತ್ರದಿಂದಲೂ, ಸೂಜಿಯಿಂದ ತೆಗೆದ ಚೂರಿನ ಪರೀಕ್ಷೆಯಿಂದಲೂ ರೋಗವು ನಿಶ್ಚಿತವಾಗುವ ವೇಳೆಗೆ ಶಸ್ತ್ರಚಿಕಿತ್ಸೆಗೆ ಯೋಗ್ಯರಾಗಿ ಉಳಿದಿರುವವರು 100ಕ್ಕೆ ಸುಮಾರು 20 ಮಂದಿ ಮಾತ್ರ. ನ್ಯೂಯಾರ್ಕಿನ ಅಲೆನ್ ವ್ಹಿಪಲ್ ಎಂಬ ಶಸ್ತ್ರವೈದ್ಯನು 1935ರಲ್ಲಿ ಪ್ರಕಟಿಸಿದ ಮಹಾಶಸ್ತ್ರಕ್ರಿಯೆಯು ಬಹಳವಾಗಿ ಸುಧಾರಿಸಿ ಇಂದಿಗೂ ಅಂತಹವರಿಗೆ ಆಸರೆಯಾಗಿದೆ. ರೋಗವು ಹರಡಿದವರಲ್ಲಿ ಔಷಧಚಿಕಿತ್ಸೆಯಿಂದ ದೊರೆಯುವ ಆಯುಸ್ಸನ್ನು ಸಾಮಾನ್ಯವಾಗಿ ತಿಂಗಳುಗಳಲ್ಲಿಯೇ ಎಣಿಸಬೇಕಾಗಿದೆ.

ಹೀಗಿರಲು, ವರದಿಯು ಮೊದಲು ಮಗನ ಕೈಗೆ ಬರುತ್ತದೆ. "ಅಪ್ಪನವರಿಗೆ ಮಾತ್ರ ತಿಳಿಸಬೇಡಿ" ಎಂದು ಅವನು ವೈದ್ಯರನ್ನು ಬೇಡಿಕೊಳ್ಳುತ್ತಾನೆ. ತಂದೆಗೆ ಬರಿಯ ಕಾಮಾಲೆಯೆಂದು ಹೇಳಲಾಗುತ್ತದೆ. ಇದು ವಂಚನೆಯೆ? ಪ್ರೇಮದಿಂದ ಹುಟ್ಟಿದುದನ್ನು ಆ ಹೆಸರಿನಿಂದ ಕರೆಯಲು ಯಾರಿಗೂ ಮನಸ್ಸು ಬಾರದು. ಮೇಲಾಗಿ ಇದಕ್ಕೆ ಪ್ರಾಚೀನರ ಆಧಾರವೂ ಉಂಟು. ರೋಗಿಯ ಆಯುಸ್ಸು ತೀರುತ್ತ ಬಂದಿರುವುದು ತಿಳಿದಿದ್ದರೂ, ಹೇಳಿದರೆ ಅವನಿಗಾಗಲಿ ಇತರರಿಗಾಗಲಿ ಆಘಾತವಾಗುವಂತಿದ್ದಲ್ಲಿ ವೈದ್ಯನು ಅದನ್ನು ನುಡಿಯಬಾರದೆಂದು ಚರಕಸಂಹಿತೆಯ ವಿಮಾನಸ್ಥಾನವು ವಿಧಿಸುತ್ತದೆ. ಪಶ್ಚಿಮದಲ್ಲಿಯೂ ಬಹುಕಾಲ ಇದೇ ಮತವಿತ್ತು. 1961ರಲ್ಲಿ ಷಿಕಾಗೋ ನಗರದ ವೈದ್ಯರನ್ನು ವಿಚಾರಿಸಿದಾಗ 100ಕ್ಕೆ 90 ಮಂದಿ ಕ್ಯಾನ್ಸರನ್ನು ರೋಗಿಗೆ ತಿಳಿಸದಿರುವುದೇ ಲೇಸೆಂದರು. ಅಮೆರಿಕದಲ್ಲಿಯೇ 1979ರಲ್ಲಿ ಪ್ರಕಟವಾದ ಮತ್ತೊಂದು ವಿಚಾರಣೆಯಲ್ಲಿ 100ಕ್ಕೆ 97 ಮಂದಿ ತಿಳಿಸುವುದೇ ತಮ್ಮ ಪದ್ಧತಿಯೆಂದರು. ಹದಿನೆಂಟು ವರ್ಷಗಳಲ್ಲಿ ಮತವು ತಲೆಕೆಳಗಾಯಿತು! ಆದರೆ ಬಹುಮತದಿಂದ ಧರ್ಮವು ನಿರ್ಣಯವಾಗದು. ಚರಕನ ಮಾತಿನಲ್ಲಿರುವ ನಿಬಂಧನೆಯನ್ನೇ ಗಮನಿಸಬೇಕು. ಆಘಾತವಾಗುವಲ್ಲಿ ಎಂದನೇ ಹೊರತು ಎಲ್ಲೆಡೆಯಲ್ಲಿಯೂ ಎನ್ನಲಿಲ್ಲ. ಆಘಾತವಾಗುವುದೋ ಇಲ್ಲವೋ ಎಂಬುದನ್ನು ರೋಗಿಯ ಮನಸ್ಸನ್ನು ಅರಿಯದೆ ನಿರ್ಣಯಿಸುವ ಬಗೆ ಹೇಗೆ?

ಪರೀಕ್ಷಿದ್ರಾಜನ ಕಥೆಯು ಇಲ್ಲಿ ವಿಚಾರಾರ್ಹವಾಗಿದೆ. ಏಳು ದಿನಗಳೊಳಗೆ ತಕ್ಷಕನಿಂದ ಮರಣವೆಂಬ ಶಾಪದ ಸುದ್ದಿಯನ್ನು ಶಮೀಕಮುನಿಯು ಮುಚ್ಚಿಡಲಿಲ್ಲ. ಮರುಕಗೊಂಡು ಶಿಷ್ಯನ ಮೂಲಕ ಅರಸನಿಗೆ ಹೇಳಿಕಳುಹಿಸಿದನು. ಮಹಾಭಾರತದ ಪರೀಕ್ಷಿತನು ಒಂಟಿಕಂಬದ ಸೌಧವನ್ನು ಕಟ್ಟಿಸಿ, ವೈದ್ಯರನ್ನೂ ಔಷಧಗಳನ್ನೂ ಕೂಡಿಸಿಕೊಂಡು ಮೃತ್ಯುವನ್ನು ಎದುರಿಸಿದನು. ಭಾಗವತದ ಪರೀಕ್ಷಿತನಾದರೋ ರಾಜ್ಯವನ್ನು ಮಗನಿಗೆ ಒಪ್ಪಿಸಿ ಗಂಗಾತೀರದಲ್ಲಿ ಶುಕಮುನಿಯ ಮಾತನ್ನು ಕೇಳುತ್ತ ಕುಳಿತನು. ಎರಡೂ ಗೌರವಾರ್ಹವಾದ ಮಾರ್ಗಗಳೇ. ಆದರೆ ಸುದ್ದಿಯನ್ನು ಬಚ್ಚಿಟ್ಟಿದ್ದರೆ ಎರಡೂ ಅವನಿಗೆ ಇಲ್ಲವಾಗುತ್ತಿದ್ದವು.

ಈ ರೋಗಿಯ ಮುಂದೆಯೂ ಅಂತಹವೇ ಮಾರ್ಗಗಳಿವೆ. ವಾಂತಿ ಬಳಲಿಕೆಗಳನ್ನು ಸಹಿಸಿಯಾದರೂ ಔಷಧಚಿಕಿತ್ಸೆಯಿಂದ ಕೆಲವು ತಿಂಗಳುಗಳನ್ನು ಗಳಿಸಲು ಒಬ್ಬನು ಬಯಸಬಹುದು. ಮತ್ತೊಬ್ಬನು ಪಿತ್ತನಾಳಕ್ಕೆ ಕೊಳವೆಯಿರಿಸಿ ಕಾಮಾಲೆಯನ್ನಿಳಿಸಿಕೊಂಡು, ಊಟದೊಡನೆ ಜೀರ್ಣಕಾರಿ ಗುಳಿಗೆಗಳನ್ನೂ ನೋವಿಗೆ ಮಾರ್ಫಿನನ್ನೂ ತೆಗೆದುಕೊಳ್ಳುತ್ತ ಮನೆಯ ಜಗುಲಿಯಲ್ಲಿಯೇ ಇರಲು ಬಯಸಬಹುದು. ಕೊಡಬೇಕಾದ ಸಾಲ, ಕಾಣಬೇಕಾದ ಮಗಳು, ಮುರಿದುಹೋದ ಸ್ನೇಹ, ಇವುಗಳ ಲೆಕ್ಕವು ಅವನೊಬ್ಬನಿಗೇ ಗೊತ್ತು. ಅವನ ದಿನಗಳನ್ನು ಅವನ ಹೆಸರಿನಲ್ಲಿ ಇತರರು ವ್ಯಯಮಾಡುವುದು ಎಷ್ಟರಮಟ್ಟಿಗೆ ನ್ಯಾಯ? ಇಷ್ಟಾಗಿಯೂ ಕರಗುತ್ತಿರುವ ಮೈಯೂ ಮನೆಯವರ ಪಿಸುಮಾತೂ ಅನೇಕ ವೇಳೆ ಅವನಿಗೆ ಎಲ್ಲವನ್ನೂ ತಿಳಿಸಿಬಿಟ್ಟಿರುತ್ತವೆ. ಮಕ್ಕಳು ನೊಂದಾರೆಂದು ಅವನೂ, ಅವನು ನೊಂದಾನೆಂದು ಮಕ್ಕಳೂ ನಟಿಸುತ್ತ, ಒಂದೇ ಮನೆಯಲ್ಲಿದ್ದು ಪ್ರತಿಯೊಬ್ಬರೂ ಒಂಟಿಯಾಗುವರು.

ಹಾಗೆಂದು ಸತ್ಯವನ್ನು ಕಲ್ಲಿನಂತೆ ಎಸೆಯುವುದೂ ಧರ್ಮವಲ್ಲ. ಅಂಕಿಗಳು ಸಮೂಹವನ್ನು ಕುರಿತವು. ಒಬ್ಬ ವ್ಯಕ್ತಿಯ ಆಯುಸ್ಸನ್ನು ಅವು ಖಂಡಿತವಾಗಿ ಹೇಳಲಾರವು. ಕೆಲವರಿಗೆ ತಿಳಿಯದಿರುವುದೇ ಇಷ್ಟವಾದೀತು. "ನನ್ನ ಮಗನೊಡನೆ ಮಾತನಾಡಿ" ಎಂದರೆ ಅದೂ ಅವರ ಸ್ವಾತಂತ್ರ್ಯವೇ. ಆದುದರಿಂದ ವೈದ್ಯನೂ ಬಂಧುಗಳೂ ಮೊದಲು ಮಾಡತಕ್ಕದ್ದು, ತನ್ನ ರೋಗದ ವಿಷಯದಲ್ಲಿ ಎಷ್ಟನ್ನು ತಿಳಿಯಲು ಇಚ್ಛೆಯೆಂದು ರೋಗಿಯನ್ನೇ ಕೇಳುವುದು. ಕೇಳಿದಷ್ಟನ್ನು ಬಳಿಯಲ್ಲಿ ಕುಳಿತು ಮೃದುವಾಗಿ ಹೇಳುವುದು. ಹೇಳಿದ ಮೇಲೆ ಅವನನ್ನು ಬಿಟ್ಟು ಏಳದಿರುವುದು. ಪ್ರಿಯವೂ ಸತ್ಯವೂ ಅಲ್ಲಿ ಒಂದಾಗಲು ಅವಕಾಶವುಂಟು.