ಬದುವಿನ ಹೂವು ಯಾರದು?

ಬದುವಿನಲ್ಲಿ ತಾನಾಗಿ ಬೆಳೆಯುವ ತುಂಬೆಯನ್ನು ನಾವು ಕಳೆ ಎನ್ನುತ್ತೇವೆ. ಬಿತ್ತದೆ ಬಂದದ್ದನ್ನು ಕೀಳುವದಕ್ಕೆ ಯಾರ ಅಪ್ಪಣೆಯೂ ಬೇಡವೆಂಬದು ನಮ್ಮೆಲ್ಲರ ಎಣಿಕೆ. ಪಟ್ಟೆಯು ನಮ್ಮ ಹೆಸರಿನಲ್ಲಿದೆ, ಕಂದಾಯ ಕಟ್ಟುವವರು ನಾವು. ಆದಾಗ್ಯೂ ಆ ಹೂವಿನ ಮೇಲೆ ಬೇರೆ ಯಾರಿಗೂ ಬಾಧ್ಯತೆ ಇಲ್ಲವೋ?

ಕೊಡಗು ಮಲೆನಾಡುಗಳಲ್ಲಿ ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನನ್ನು ನೋಡಿರಿ. ಮಾರ್ಚ್ ಏಪ್ರಿಲಿನಲ್ಲಿ ಹೂಮಳೆ ಬಿದ್ದು ಸುಮಾರು 8-10 ದಿನಗಳಿಗೆ ಕಾಫಿ ತೋಟವು ಬೆಳ್ಳಗೆ ಅರಳುವದು. ಹೂವು ನಿಲ್ಲುವದು ಮೂರು ನಾಲ್ಕು ದಿನ ಮಾತ್ರ. ರೊಬಸ್ಟಾ ಗಿಡವು ತನ್ನ ಪರಾಗದಿಂದ ತಾನೇ ಕಾಯಿ ಕಟ್ಟಲಾರದು. ಬೇರೆ ಗಿಡದ ಪರಾಗವು ಗಾಳಿಯಿಂದಾಗಲಿ ಜೇನಿನಿಂದಾಗಲಿ ಬರಬೇಕು. (ಅರೇಬಿಕಾ ಹಾಗಲ್ಲ.) ಆ ದಿನಗಳಲ್ಲಿ ಜೇನು ನಮಗೆ ಬಹಳ ಬೇಕು. ಮಿಕ್ಕ ತಿಂಗಳುಗಳಲ್ಲಿ ಅದು ಏನು ತಿನ್ನುವದೆಂದು ನಾವು ವಿಚಾರಿಸುವದಿಲ್ಲ. ಹೂವಿನ ರಸವು ಅದಕ್ಕೆ ಹಾರುವ ಬಲವನ್ನು ಕೊಡುವದು. ಮರಿಗಳು ಬೆಳೆಯಬೇಕಾದರೆ ಪರಾಗವೇ ಬೇಕು. ಇವನ್ನು ಅದು ನೇರಳೆ, ಹೊಂಗೆ, ಮತ್ತಿ ಮರಗಳಿಂದಲೂ ಬದುವಿನ ತುಂಬೆಯಿಂದಲೂ ಕೂಡಿಸುತ್ತದೆ. ಜಡಿಮಳೆಯಲ್ಲಿ ಹೊರಗೆ ಹೋಗಲಾರದೆ ಕೂಡಿಟ್ಟದ್ದನ್ನೇ ತಿನ್ನಬೇಕು. ನಾವಾದರೋ ಮಳೆಗೆ ಮುಂಚೆಯೇ ಅದನ್ನು ಪೂರ್ತಿಯಾಗಿ ತೆಗೆದುಬಿಡುತ್ತೇವೆ. ಹಸಿದ ಜೇನು ಪೆಟ್ಟಿಗೆ ಬಿಟ್ಟು ಹಾರಿಹೋದರೆ, ಸಾಕಿದವರ ಋಣವಿಲ್ಲದ ಹುಳವೆಂದು ದೂರುವದುಂಟು! ನಾವೂ ಹಾಗೆ ದೂರಿದವರೇ.

ಕೂಲಿಯಾಳು ಸಿಕ್ಕದ ಬಡ ರೈತನು ಬದುವಿಗೂ ಕಳೆನಾಶಕವನ್ನು ಹೊಡೆಯುತ್ತಾನೆ. ಅವನನ್ನು ಕಠಿಣವಾಗಿ ಎಣಿಸಕೂಡದು. ಕಳೆಯು ಪೈರಿನ ಗೊಬ್ಬರವನ್ನು ತಿನ್ನುವದು ನಿಜವೇ. ಸಾಲಿನೊಳಗಿನದನ್ನು ಉಳಿಸಿರೆಂದು ನಾವು ಹೇಳುವದಿಲ್ಲ. ಆದರೆ ಬದುವಿನಲ್ಲಿ ಪೈರೆಲ್ಲಿ?

ಇನ್ನೊಂದು ಆಕ್ಷೇಪವು ಇದಕ್ಕಿಂತ ಬಿಗಿಯಾದದ್ದು. ಅದೇನಂದರೆ, ನಮ್ಮ ಬದುವಿನ ಹೂವನ್ನು ಮೇದ ಹುಳವು ನೆರೆಯವನ ಪೆಟ್ಟಿಗೆಯನ್ನು ತುಂಬುವದು. ಅವನ ಜೇನುತುಪ್ಪಕ್ಕೆ ನಾವೇಕೆ ಕತ್ತಿ ತಡೆಯಬೇಕು? ತೋಟವಿದ್ದವನಿಗೆ ಉತ್ತರ ಸುಲಭ: ಆ ಹುಳವೇ ಅವನ ಕಾಫಿಗೆ ಕಾಯಿ ಕಟ್ಟಿಸಿ ಕೂಲಿ ಕೇಳದೆ ಹೋಗಿದೆ. ಗದ್ದೆ ಮಾತ್ರ ಇರುವವನಿಗೆ ಹೀಗೆ ಹೇಳಲಾಗದು, ಯಾಕಂದರೆ ಭತ್ತವು ಜೇನನ್ನು ಕಾಯುವದಿಲ್ಲ. ಅವನ ಲಾಭವನ್ನು ತೋರಿಸಿ ಒಡಂಬಡಿಸಲು ನಾವು ಬಹಳ ಹೆಣಗಿದೆವು, ತೋರಲಿಲ್ಲ. ಹಾಗಾದರೆ ಲಾಭದ ಮಾತನ್ನೇ ಬಿಡಬೇಕು. ಅವನಿಗೆ ಬೇಡವಾದ ಹೂವು ಜೇನಿಗೆ ಅನ್ನವಾಗಿದೆ, ಅದನ್ನು ಬಿಟ್ಟುಕೊಟ್ಟರೆ ಅವನ ಕಣಜದಲ್ಲಿ ಒಂದು ಸೇರೂ ಕಡಿಮೆಯಾಗದು. ಹಸಿವಿನ ಬಾಧ್ಯತೆಗೆ ಪಟ್ಟೆಯೇನೂ ಇಲ್ಲ. ಆದರೂ ಅದು ಬಾಧ್ಯತೆಯೇ ಎಂದು ನಾವು ಎಣಿಸುತ್ತೇವೆ.

ಮಳೆ ನಿಂತ ಮೇಲೆ ತುಂಬೆ ಅರಳಿದಾಗ ಹುಳಗಳು ಎಳೆಬಿಸಿಲಿಗೇ ಬರುತ್ತವೆ. ಬದುವನ್ನು ಸವರಲೇಬೇಕಾದರೆ ಬೀಜ ಉದುರಿದ ಮೇಲೆ ಸವರಬಹುದು.