ಹೊಂದಿಕೆ ಎಂಬುದು

‘ಹೊಂದಿಕೊಂಡು ಹೋಗವ್ವಾ’ ಎಂಬ ಮಾತು ಕೇಳದೆ ಗಂಡನ ಮನೆಗೆ ಬಂದ ಹೆಣ್ಣು ನಮ್ಮ ಬನಹಟ್ಟಿಯಲ್ಲಿ ಸಿಗುವುದು ಕಷ್ಟ. ಹೊಂದಿಕೆ ಒಳ್ಳೆಯದು, ಅದನ್ನು ಪ್ರಶ್ನಿಸಿದವಳು ಜಗಳಗಂಟಿ. ಇಷ್ಟು ನಮಗೆಲ್ಲ ಬಾಯಿಪಾಠವಾಗಿದೆ. ಅದನ್ನು ನಾನು ಮತ್ತೆ ತಿರುವಿ ಹಾಕಿದ್ದು ಒಂದು ವಿಚಿತ್ರ ಕಾರಣದಿಂದ.

ಭಾವನವರ ಮಗನಿಗೆ ಹಳೆಯ ವಿಡಿಯೋ ಆಟಗಳ ಹುಚ್ಚು. ನಾಣ್ಯ ಹಾಕಿ ನಿಂತು ಆಡುವ ಪೆಟ್ಟಿಗೆಯಂಥ ಯಂತ್ರಗಳಿದ್ದವಲ್ಲ, ಅವುಗಳ ಆಟ. 1980ರಲ್ಲಿ ಜಪಾನಿನಿಂದ ಬಂದ ಪ್ಯಾಕ್‌ಮ್ಯಾನ್ ಅಂಥದ್ದೊಂದು. ಆಟವೆಲ್ಲ ಪೆಟ್ಟಿಗೆಯೊಳಗಿನ ಚಿಪ್ಪುಗಳಲ್ಲಿ ಇರುತ್ತಿತ್ತು. ಆ ಚಿಪ್ಪುಗಳಲ್ಲಿದ್ದದ್ದನ್ನು ನಕಲು ಮಾಡಿದ ಫೈಲುಗಳನ್ನು ಓಡಿಸಲು ‘ಮೇಮ್’ ಎಂಬ ಎಮ್ಯುಲೇಟರ್ ಇದೆ. ಎಮ್ಯುಲೇಟರ್ ಎಂದರೆ ಇಲ್ಲದ ಯಂತ್ರದ ವೇಷ ಹಾಕುವ ಪ್ರೋಗ್ರಾಂ. ಇಟಲಿಯ ನಿಕೋಲಾ ಸಾಲ್ಮೋರಿಯಾ ಇದನ್ನು 1997ರಲ್ಲಿ ಹೊರತಂದ. (ಆಟದ ಹಕ್ಕು ಇಂದಿಗೂ ಕಂಪನಿಗಳದ್ದೇ, ನಕಲು ಮಾಡುವುದು ನ್ಯಾಯವೇ ಎಂದು ಹುಡುಗನನ್ನು ಕೇಳಿದರೆ ಮಾತು ಹಾರಿಸುತ್ತಾನೆ.)

‘ನಿನ್ನೆ ಓಡಿದ್ದು ಇವತ್ತ್ಯಾಕ ಓಡವಲ್ದು ಕಾಕೂ?’ ಎಂದು ಅವನ ಗೋಳು. ಮೇಮ್‌ನ ಹೊಸ ಆವೃತ್ತಿ ಹಾಕಿಕೊಂಡಿದ್ದ. 2003ರ 0.78 ಆವೃತ್ತಿಗೆ ಸರಿಹೊಂದುವ ಫೈಲು ಇಂದಿನದರಲ್ಲಿ ಓಡದೇ ಇರಬಹುದು. ಫೈಲಿನ ಹೆಸರು ಬದಲಿಸಿ ನೋಡಿದ. ನಮ್ಮ ಕಡೆ ಮದುವೆಯಲ್ಲಿ ಹೆಣ್ಣಿನ ಹೆಸರು ಬದಲಿಸುವುದುಂಟಲ್ಲ, ಹಾಗೆ. ಹೆಸರು ಬದಲಾದರೆ ಒಳಗಿನದು ಬದಲಾದೀತೇ? ಪ್ರೋಗ್ರಾಂ ಒಳಗಿನದನ್ನೇ ಲೆಕ್ಕ ಹಾಕಿ, ಬಂದ ಸಂಖ್ಯೆಯನ್ನು ತನ್ನ ಪಟ್ಟಿಗೆ ತಾಳೆ ನೋಡುತ್ತದೆ.

ಇದು ನನಗೆ ಬೇಗ ತಿಳಿಯಿತು, ಏಕೆಂದರೆ ನಮ್ಮದು ಮಗ್ಗದ ಮನೆ. ಸೀರೆಯ ದಡಿಗೆ ಜಕಾರ್ಡ್ ಬೇಕು. ಅದಕ್ಕೆ ತೂತು ಹೊಡೆದ ರಟ್ಟಿನ ಕಾರ್ಡುಗಳ ಸರ. ತೂತಿದ್ದಲ್ಲಿ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಕೆಳಗೇ ಉಳಿಯುತ್ತದೆ. 240 ಹುಕ್ಕಿನ ಜಕಾರ್ಡಿಗೆ ಕಡಿದ ಕಾರ್ಡು 120ರದಕ್ಕೆ ಕೂರುವುದಿಲ್ಲ. ಕಾರ್ಡು ಕೆಟ್ಟಿಲ್ಲ, ಜಕಾರ್ಡೂ ಕೆಟ್ಟಿಲ್ಲ.

ಆದರೆ ಮೇಮ್‌ನ ಕಥೆ ಅಷ್ಟಕ್ಕೇ ನಿಲ್ಲುವುದಿಲ್ಲ. ಕೆಲವು ಚಿಪ್ಪುಗಳನ್ನು ಮೊದಲು ತಪ್ಪಾಗಿ ನಕಲು ಮಾಡಿದ್ದರು. ಹಳೆಯ ಪ್ರೋಗ್ರಾಮಿಗೂ ಮೂಲ ಯಂತ್ರ ಪೂರ್ತಿ ತಿಳಿದಿರಲಿಲ್ಲ. ತಪ್ಪು ಫೈಲು, ಅರೆತಿಳಿವಿನ ಪ್ರೋಗ್ರಾಂ, ಎರಡೂ ಕೂಡಿ ಆಟ ಚೆನ್ನಾಗಿಯೇ ಓಡುತ್ತಿತ್ತು! ಒಂದು ಸುಧಾರಿಸಿದ ಮೇಲೆಯೇ ಇನ್ನೊಂದರ ದೋಷ ಬಯಲಾದದ್ದು.

ಇಲ್ಲಿ ನನ್ನ ಮನಸ್ಸು ಆಟ ಬಿಟ್ಟು ಓಣಿಯ ಮನೆಗಳ ಕಡೆ ಹೋಯಿತು. ಎಷ್ಟು ಮನೆಗಳಲ್ಲಿ ‘ಹೊಂದಿಕೊಂಡಿದ್ದಾರೆ’ ಎಂದರೆ ಹೀಗೇ ಅಲ್ಲವೇ? ಅವನ ಸಿಟ್ಟು, ಅವಳ ಮೌನ, ಒಂದಕ್ಕೊಂದು ಕೂತುಬಿಟ್ಟಿವೆ. ಅವಳು ನಾಲ್ಕು ಅಕ್ಷರ ಕಲಿತು ಬಾಯಿ ತೆರೆದ ದಿನ ‘ಮನೆ ಕೆಟ್ಟಿತು’ ಎನ್ನುತ್ತೇವೆ. ಕೆಟ್ಟದ್ದು ಅಂದೇ ಏನು?

ಹಾಗೆಂದು ಹಳೆಯದನ್ನೆಲ್ಲ ಒಗೆಯುವವರ ಪಕ್ಷವೂ ನನ್ನದಲ್ಲ. ಮೇಮ್‌ನವರು ಹಳೆಯ ಆವೃತ್ತಿಗಳನ್ನೂ ಸಿಗುವಂತೆ ಇಟ್ಟಿದ್ದಾರೆ. ಬದಲಾಯಿಸುವವರಿಗೆ ಅಷ್ಟು ಸೌಜನ್ಯ ಬೇಕು. ನಮ್ಮ ಅಟ್ಟದ ಮೇಲಿನ ಕಾರ್ಡುಗಳನ್ನು ರದ್ದಿಗೆ ಹಾಕೋಣವೆಂದು ಮಾತು ಬಂದಾಗ ಅತ್ತೆಯವರು, ‘ಜಕಾರ್ಡ ಇಲ್ಲಂದ್ರ ಏನಾತು? ತೂತು ನೋಡಿ ಗ್ರಾಫ್ ಕಾಗದದ ಮ್ಯಾಲ ದಡಿ ತೆಗದ ಇಡ್ರಿ’ ಎಂದರು. ಇದುವರೆಗೆ ಮೂರು ಸರ ಮುಗಿದಿವೆ. ಎರಡರಲ್ಲಿ ನಡುವಿನ ಕಾರ್ಡು ಕಳೆದುಹೋಗಿವೆ. ಅಲ್ಲಿ ಖಾಲಿ ಗೆರೆ ಬಿಟ್ಟಿದ್ದೇವೆ.