ಆಯ್ಕೆಯಾದವರು ಯಾರು, ಹೇಳುವವರು ಯಾರು?

ಹ್ಯೂಸ್ಟನ್‌ನಲ್ಲಿ ನನಗೆ ಪರಿಚಯದ ಒಬ್ಬ ಆಂಟಿ ಇದ್ದಾರೆ. ಮಂಗಳೂರಿನವರು, ಬಾಸೆಲ್ ಮಿಷನ್ ಸಭೆಯ ಹಳೇ ಕುಟುಂಬ. ನಾನು ಆಸ್ಟಿನ್‌ನಿಂದ ಆ ಕಡೆ ಹೋದಾಗೆಲ್ಲ ಊಟಕ್ಕೆ ಕರೀತಾರೆ. ಹೋದ ಸಲ ಊಟ ಮುಗಿದ ಮೇಲೆ ಪಾತ್ರೆ ತೊಳೀತಾ, ನನ್ನ ಕಡೆ ತಿರುಗದೆಯೇ ಕೇಳಿದರು: "ನನ್ನ ಮಗನನ್ನು ದೇವರು ಆದುಕೊಂಡೇ ಇರಲಿಲ್ಲವಂತೆ. ಹಾಗೂ ಉಂಟಾ ಮಾರಾಯ?"

ಮಗ ಡಾಲಸ್‌ನಲ್ಲಿ ಕೆಲಸದಲ್ಲಿದ್ದಾನೆ. ಕಾಲೇಜಿಗೆ ಹೋದ ಮೇಲೆ ಚರ್ಚ್ ಬಿಟ್ಟ, ಈಗ ನಂಬಿಕೆಯೂ ಇಲ್ಲ ಅಂತಾನೆ. ಬೈಬಲ್ ಓದುವ ಗುಂಪಿನಲ್ಲಿ ಯಾರೋ ಆಂಟಿಗೆ ಸಮಾಧಾನ ಹೇಳುವ ಹಾಗೆ ಹೇಳಿದ್ದಾರೆ: ಬಿಟ್ಟು ಹೋದವನು ಮೊದಲಿಂದಲೇ ದೇವರ ಆಯ್ಕೆಯಲ್ಲಿ ಇರಲಿಲ್ಲ, ನೀವು ಕೊರಗಬೇಡಿ. "ಸಣ್ಣದಿರುವಾಗ ಒಂದು ಸಂಡೇ ಸ್ಕೂಲ್ ತಪ್ಪಿಸಿದವನಲ್ಲ," ಅಂದರು ಆಂಟಿ. ನಾನು ಕ್ರೈಸ್ತನಲ್ಲ. ಬಹುಶಃ ಅದಕ್ಕೇ ನನ್ನನ್ನು ಕೇಳಿದರು. ಸಭೆಯವರ ಹತ್ತಿರ ಕೇಳಿದರೆ ಅದೇ ಸುದ್ದಿಯಾಗ್ತದೆ.

ಆವತ್ತು ನನಗೆ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದ ಮೇಲೂ ಪ್ರಶ್ನೆ ಬಿಡಲಿಲ್ಲ. ಓದುತ್ತಾ ಹೋದಾಗ ನನಗೆ ಅನ್ನಿಸಿದ್ದನ್ನು ಇಲ್ಲಿ ನಿಮ್ಮ ಮುಂದೆ ಇಡ್ತಿದ್ದೇನೆ.

ಮೊದಲು ಪದದಿಂದ ಶುರು ಮಾಡೋಣ. 'ಆದುಕೊಳ್ಳು', 'ಆಯ್ದುಕೊಳ್ಳು', 'ಆರಿಸು', ಎಲ್ಲಕ್ಕೂ ಅರ್ಥ ಒಂದೇ. ನಿಮ್ಮ ಅಜ್ಜಿ ಮೊರದಲ್ಲಿ ಅಕ್ಕಿ ಆರಿಸುವುದನ್ನು ನೋಡಿದ್ದೀರಾ? ಹೆಸರಿಗೆ ಆರಿಸೋದು ಅಕ್ಕಿ, ಕೈಗೆ ಬರೋದು ಕಲ್ಲು. ಒಂದನ್ನು ಆರಿಸಿದೆ ಅಂದ ಕ್ಷಣಕ್ಕೆ ಇನ್ನೊಂದನ್ನು ಎಸೆದೆ ಅಂತಲೂ ಆಯಿತು. 'ದೇವರು ನನ್ನನ್ನು ಆರಿಸಿಕೊಂಡ' ಅನ್ನುವ ಮಾತು ಎಷ್ಟು ತಂಪೋ, ಅದರ ಹಿಂದಿನ ಪ್ರಶ್ನೆ ಅಷ್ಟೇ ಬಿಸಿ: ಹಾಗಾದರೆ ಉಳಿದವರು?

ಕ್ರೈಸ್ತರಲ್ಲಿ ಈ ಜಗಳ ಬಹಳ ಹಳೆಯದು. ಐದನೇ ಶತಮಾನದಲ್ಲಿ ಪೆಲೇಜಿಯಸ್ ಎಂಬಾತ, ಮನುಷ್ಯ ಮನಸ್ಸು ಮಾಡಿದರೆ ಒಳ್ಳೆಯವನಾಗಿ ಬದುಕಬಲ್ಲ ಅಂದ. ಅಗಸ್ಟೀನ್ ಒಪ್ಪಲಿಲ್ಲ. ಮನಸ್ಸು ಮಾಡುವ ಶಕ್ತಿಯೇ ದೇವರ ಕೃಪೆಯಿಂದ ಬರಬೇಕು ಅಂದ. ಹನ್ನೊಂದು ಶತಮಾನದ ನಂತರ ಜಾನ್ ಕ್ಯಾಲ್ವಿನ್ ಆ ವಾದವನ್ನು ಕೊನೆಯವರೆಗೆ ಎಳೆದ: ಯಾರಿಗೆ ರಕ್ಷಣೆ ಅನ್ನೋದನ್ನು ದೇವರು ಸೃಷ್ಟಿಗೂ ಮೊದಲೇ ನಿರ್ಧರಿಸಿದ್ದಾನೆ, ನಮ್ಮ ಯೋಗ್ಯತೆ ನೋಡಿ ಅಲ್ಲ. ಹಾಲೆಂಡಿನ ಆರ್ಮೀನಿಯಸ್‌ಗೆ ಇದು ಸರಿ ಕಾಣಲಿಲ್ಲ. ಕೃಪೆ ದೇವರದೇ, ಆದರೆ ಬೇಡ ಅನ್ನುವ ಸ್ವಾತಂತ್ರ್ಯ ಮನುಷ್ಯನಿಗಿದೆ ಅನ್ನೋದು ಅವನ ನಿಲುವು. 1618-19ರಲ್ಲಿ ಡಾರ್ಟ್ ಊರಲ್ಲಿ ಸಭೆ ಸೇರಿ ಆರ್ಮೀನಿಯಸ್‌ನ ಅನುಯಾಯಿಗಳನ್ನು ತಪ್ಪಿತಸ್ಥರು ಅಂತ ತೀರ್ಮಾನಿಸಿದರು. ಜಗಳ ಮಾತ್ರ ಮುಗಿಯಲಿಲ್ಲ.

ಇದೆಲ್ಲ ಪರದೇಶದ ತಕರಾರು ಅಂದುಕೊಳ್ಳಬೇಡಿ. ಶ್ರೀವೈಷ್ಣವರಲ್ಲಿ ಕೋತಿ ಮತ್ತು ಬೆಕ್ಕಿನ ವಾದ ಇದೆ. ಕೋತಿಮರಿ ತಾಯಿಯ ಹೊಟ್ಟೆಯನ್ನು ತಾನೇ ಅವಚಿಕೊಂಡಿರಬೇಕು. ಬೆಕ್ಕಿನಮರಿ ಏನೂ ಮಾಡಬೇಕಿಲ್ಲ, ತಾಯಿಯೇ ಕಚ್ಚಿಕೊಂಡು ಹೋಗ್ತಾಳೆ. ಮೋಕ್ಷದಲ್ಲಿ ಜೀವ ಕೋತಿಮರಿಯೋ ಬೆಕ್ಕಿನಮರಿಯೋ ಅಂತ ವಡಕಲೈ, ತೆಂಕಲೈ ಎಂಬ ಎರಡು ಪಂಥಗಳೇ ಆದವು. ಇನ್ನು ಉಡುಪಿಯ ಮಧ್ವಾಚಾರ್ಯರು ಹದಿಮೂರನೇ ಶತಮಾನದಲ್ಲೇ ಜೀವಗಳಲ್ಲಿ ಮೂರು ಬಗೆ ಅಂದರು: ಮುಕ್ತಿಗೆ ಯೋಗ್ಯರು, ಸಂಸಾರದಲ್ಲೇ ಸುತ್ತುವವರು, ತಮಸ್ಸಿಗೆ ಹೋಗುವವರು. ಕ್ಯಾಲ್ವಿನ್‌ನಲ್ಲಿ ಭೇದ ದೇವರ ಸಂಕಲ್ಪದ್ದು, ಮಧ್ವರಲ್ಲಿ ಅದು ಜೀವದ ಅನಾದಿ ಸ್ವಭಾವದ್ದು. ವ್ಯತ್ಯಾಸ ಸಣ್ಣದಲ್ಲ. ಆದರೂ ತಾಯಿಯೊಬ್ಬಳು ಮಗನ ಬಗ್ಗೆ ಕೇಳುವ ಪ್ರಶ್ನೆ ಎರಡೂ ಕಡೆ ಒಂದೇ.

ಟೆಕ್ಸಸ್‌ಗೆ ಬರೋಣ. ಈ ರಾಜ್ಯದ ಮೊದಲ ಬ್ಯಾಪ್ಟಿಸ್ಟ್ ಸಭೆಗಳಲ್ಲಿ ಒಂದರ ಹೆಸರಲ್ಲೇ ಈ ಸಿದ್ಧಾಂತ ಇದೆ: ಪಿಲ್ಗ್ರಿಮ್ ಪ್ರಿಡೆಸ್ಟಿನೇರಿಯನ್ ರೆಗ್ಯುಲರ್ ಬ್ಯಾಪ್ಟಿಸ್ಟ್ ಚರ್ಚ್. ಪ್ರಿಡೆಸ್ಟಿನೇಶನ್ ಅಂದರೆ ಮೊದಲೇ ಆದ ನಿರ್ಣಯ. ಆಗ ಟೆಕ್ಸಸ್ ಮೆಕ್ಸಿಕೋದ ಭಾಗ. ಕ್ಯಾಥೊಲಿಕ್ ಅಲ್ಲದ ಸಭೆ ಕಟ್ಟೋಕೆ ಕಾನೂನು ಬಿಡ್ತಿರಲಿಲ್ಲ. ಡೇನಿಯಲ್ ಪಾರ್ಕರ್ ಎಂಬ ಬೋಧಕ ಉಪಾಯ ಹುಡುಕಿದ. 1833ರಲ್ಲಿ ಇಲಿನಾಯ್‌ನಲ್ಲೇ ಸಭೆ ಕಟ್ಟಿ, ಇಡೀ ಸಭೆಯನ್ನೇ ಗಾಡಿ ಹತ್ತಿಸಿ ಟೆಕ್ಸಸ್‌ಗೆ ತಂದ. 1834ರ ಹೊತ್ತಿಗೆ ಅವರು ಇಲ್ಲಿದ್ದರು. ಡಾಲಸ್ ಮತ್ತು ಹ್ಯೂಸ್ಟನ್ ನಡುವೆ ಹೆದ್ದಾರಿಯಿಂದ ಪೂರ್ವಕ್ಕೆ ತಿರುಗಿದರೆ ಎಲ್ಕ್‌ಹಾರ್ಟ್ ಅನ್ನುವ ಸಣ್ಣ ಊರು. ಅವರ ಮರದ ಗುಡಿಯ ಪ್ರತಿಕೃತಿ ಅಲ್ಲಿದೆ.

ಪಾರ್ಕರ್ ತನ್ನ ನಂಬಿಕೆಯನ್ನು ಪೂರ್ತಿ ಬಾಳಿದ ಮನುಷ್ಯ. ಮನುಷ್ಯರಲ್ಲಿ ಎರಡು ಬೀಜ, ಒಂದು ದೇವರದು, ಒಂದು ಸರ್ಪದ್ದು ಅಂತ 1826ರಲ್ಲೇ ಬರೆದಿದ್ದ. ಬೀಜವೇ ಬೇರೆಯಾದ ಮೇಲೆ ಬೋಧಿಸಿ ಏನು ಪ್ರಯೋಜನ? ಹಾಗಾಗಿ ಮಿಷನ್ ಸಂಘಗಳನ್ನು ಅವನು ಕಡುವಾಗಿ ವಿರೋಧಿಸಿದ.

ಅದೇ 1834ರ ಕೊನೆಗೆ, ಭೂಮಿಯ ಇನ್ನೊಂದು ಬದಿಯಲ್ಲಿ, ಬಾಸೆಲ್ ಮಿಷನ್ನಿನ ಮೂವರು ಮಂಗಳೂರಿಗೆ ಬಂದಿಳಿದರು: ಹೆಬಿಕ್, ಲೆನರ್, ಗ್ರೈನರ್. ಅವರನ್ನು ಕಳಿಸಿದ್ದು ಲೂಥರ್ ಮತ್ತು ಕ್ಯಾಲ್ವಿನ್ ಎರಡೂ ಪರಂಪರೆಯವರು ಸೇರಿ ನಡೆಸಿದ ಸಂಸ್ಥೆ. ರಕ್ಷಣೆ ಮನುಷ್ಯನ ಗಳಿಕೆಯಲ್ಲ, ಬರೀ ಕೃಪೆ ಅಂತ ಅವರೂ ನಂಬಿದ್ದರು. ಆದರೆ ಆ ನಂಬಿಕೆ ಅವರನ್ನು ಮನೆಯಲ್ಲಿ ಕೂರಿಸಲಿಲ್ಲ, ಸಮುದ್ರ ದಾಟಿಸಿತು. ಅವರ ಹಿಂದೆ ಬಂದ ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ತಂದರು. ಕಿಟ್ಟೆಲ್ ನಿಘಂಟು 1894ರಲ್ಲಿ ಬಂತು. ಈ ಬರಹದಲ್ಲಿ ನಿಮಗೆ ಅರ್ಥವಾಗದ ಪದ ಇದ್ದರೆ ಹುಡುಕೋದು ಇವತ್ತಿಗೂ ಅಲ್ಲೇ. ಆಂಟಿಯ ಮುತ್ತಜ್ಜನ ಮುತ್ತಜ್ಜ ಓದು ಕಲಿತದ್ದೂ ಇವರ ಶಾಲೆಯಲ್ಲೇ ಅಂತೆ.

ಇದನ್ನು ಯಾಕೆ ಹೇಳಿದೆ ಅಂದರೆ, 'ಎಲ್ಲ ದೇವರ ಕೃಪೆ' ಅನ್ನುವ ಮಾತಿನಿಂದ 'ಹಾಗಾದರೆ ಆ ಇನ್ನೊಬ್ಬನ ಕಥೆ ಮುಗಿದಿದೆ' ಅನ್ನುವ ಮಾತು ತಾನಾಗಿ ಹುಟ್ಟೋದಿಲ್ಲ. ಮಧ್ಯೆ ಒಂದು ಹೆಜ್ಜೆ ಇದೆ. ಆ ಹೆಜ್ಜೆಯನ್ನು ನಾವು ಇಡ್ತೇವೆ.

ಆಂಟಿಯ ಮಗನನ್ನು ಮನಸ್ಸಲ್ಲಿ ಇಟ್ಟುಕೊಂಡು ಡಾಲಸ್‌ಗೆ ಹೋಗಿ. ಅಲ್ಲಿ ಅವನ ಬಗ್ಗೆ ಮೂರು ಉತ್ತರ ಸಿಗ್ತವೆ. 1924ರಲ್ಲಿ ಶುರುವಾದ ಡಾಲಸ್ ಥಿಯಾಲಜಿಕಲ್ ಸೆಮಿನರಿಯಲ್ಲಿ ಬಹುಕಾಲ ಕಲಿಸಿದ ಝೇನ್ ಹಾಜಸ್ ಹೇಳಿದ್ದು: ಒಮ್ಮೆ ನಂಬಿದವನಿಗೆ ರಕ್ಷಣೆ ಸಿಕ್ಕಾಯಿತು, ಮುಂದೆ ನಂಬಿಕೆ ಬಿಟ್ಟರೂ ದೇವರು ಕೊಟ್ಟದ್ದನ್ನು ಕಿತ್ತುಕೊಳ್ಳೋದಿಲ್ಲ. ಇದಕ್ಕೆ ಎದುರು ಕ್ಯಾಲಿಫೋರ್ನಿಯಾದ ಜಾನ್ ಮೆಕಾರ್ಥರ್ 1988ರಲ್ಲಿ ಪುಸ್ತಕ ಬರೆದರು: ನಿಜವಾದ ನಂಬಿಕೆ ನಡತೆಯಲ್ಲಿ ಕಾಣಲೇಬೇಕು, ಪೂರ್ತಿ ಬಿಟ್ಟು ಹೋದವನು ನಿಜವಾಗಿ ನಂಬಿಯೇ ಇರಲಿಲ್ಲ. ಹಾಜಸ್ ಮರುವರ್ಷವೇ ಇನ್ನೊಂದು ಪುಸ್ತಕದಲ್ಲಿ ಉತ್ತರ ಕೊಟ್ಟರು. ಮೂರನೆಯದು ಆರ್ಮೀನಿಯಸ್‌ನ ದಾರಿಯಲ್ಲಿ ಬಂದ ಮೆಥಡಿಸ್ಟರ ಉತ್ತರ: ಅವನ ನಂಬಿಕೆ ನಿಜವೇ ಆಗಿತ್ತು, ಈಗ ಕಳೆದುಕೊಂಡಿದ್ದಾನೆ, ವಾಪಸ್ ಬರಬಹುದು.

ಒಬ್ಬನೇ ಹುಡುಗ, ಮೂರು ಹಣೆಬರಹ. ಮೂವರೂ ಓದೋದು ಅದೇ ಬೈಬಲ್. ಒಂದು ಕಡೆ ಕುಂಬಾರ ಮತ್ತು ಮಣ್ಣಿನ ಹೋಲಿಕೆ ಇದೆ: ಯಾವ ಮಡಕೆ ಯಾವುದಕ್ಕೆ ಅನ್ನೋದು ಕುಂಬಾರನ ಇಷ್ಟ. ಇನ್ನೊಂದು ಕಡೆ ಎಲ್ಲರೂ ರಕ್ಷಣೆ ಹೊಂದಲಿ ಅಂತ ದೇವರು ಬಯಸ್ತಾನೆ ಅಂತಿದೆ. ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟರಲ್ಲೂ ಈ ವಿಷಯಕ್ಕೆ ಒಡಕು ಬಂದಾಗ ಸಮಿತಿ ನೇಮಿಸಿದ್ದರು. 2013ರಲ್ಲಿ ಹ್ಯೂಸ್ಟನ್‌ನಲ್ಲಿ ನಡೆದ ಅವರ ವಾರ್ಷಿಕ ಸಭೆಯ ಹೊತ್ತಿಗೆ ವರದಿ ಬಂತು. ಸಾರಾಂಶ ಇಷ್ಟೇ: ಭಿನ್ನಾಭಿಪ್ರಾಯ ಇದೆ, ಇರಲಿ, ಜೊತೆಗೆ ಕೆಲಸ ಮಾಡೋಣ. ಕ್ಯಾಥೊಲಿಕರಲ್ಲಿ ಇಂಥದೇ ವಾದ ಜೋರಾದಾಗ 1607ರಲ್ಲಿ ಪೋಪ್ ಐದನೇ ಪೌಲ್ ಕೂಡ ತೀರ್ಪು ಕೊಡದೆ, ಒಬ್ಬರನ್ನೊಬ್ಬರು ಧರ್ಮದ್ರೋಹಿ ಅನ್ನಬೇಡಿ ಅಂದಿದ್ದರು. ಇಷ್ಟು ಜನ ಇಷ್ಟು ಕಾಲ ಕೂತೂ ಮುಗಿಸಲಾಗದ ಲೆಕ್ಕವನ್ನು ಒಂದು ಸಂಜೆಯ ಬೈಬಲ್ ಗುಂಪು ಒಬ್ಬ ತಾಯಿಯ ಮುಂದೆ ಮುಗಿಸಿಬಿಟ್ಟಿತು. ನನಗೆ ಚುಚ್ಚಿದ್ದು ಅದು.

ಈಗ ನಿಮಗೆ ಗೊತ್ತಿರುವ ಒಂದು ಆಯ್ಕೆಯ ಬಗ್ಗೆ ಮಾತಾಡೋಣ. ನಾನು ಎಚ್-1ಬಿ ವೀಸಾಗೆ ಅರ್ಜಿ ಹಾಕಿದಾಗ ಆಯ್ಕೆ ಲಾಟರಿಯಲ್ಲಿ ಆಗ್ತಿತ್ತು. ವರ್ಷಕ್ಕೆ 85,000 ವೀಸಾ, ಅರ್ಜಿ ಅದಕ್ಕಿಂತ ಎಷ್ಟೋ ಹೆಚ್ಚು. ನನಗೆ ಬಂತು. ಅದೇ ಡಿಗ್ರಿ, ಅದೇ ಲ್ಯಾಬ್, ನನಗಿಂತ ಚುರುಕಾಗಿದ್ದ ಗೆಳೆಯನಿಗೆ ಬರಲಿಲ್ಲ. ಅವನು ಬೆಂಗಳೂರಿಗೆ ಮರಳಿದ. ದೇವರ ಆಯ್ಕೆಯನ್ನು ಯಾರೂ ಲಾಟರಿ ಅನ್ನೋದಿಲ್ಲ, ಎರಡೂ ಒಂದೇ ಅಂತ ನಾನೂ ಹೇಳ್ತಿಲ್ಲ. ನೋಡಬೇಕಾದ್ದು ಆಯ್ಕೆಯಾದವರ ಮಾತನ್ನು. ಹತ್ತು ವರ್ಷ ಕಳೆದ ಮೇಲೆ ದೀಪಾವಳಿ ಪಾರ್ಟಿಯಲ್ಲಿ ನಾವು ಲಾಟರಿಯ ಸುದ್ದಿಯನ್ನೇ ಎತ್ತೋದಿಲ್ಲ. "ಕಷ್ಟಪಟ್ಟೆ, ಬಂದೆ" ಅಂತೀವಿ. ಕಷ್ಟಪಟ್ಟದ್ದು ಸುಳ್ಳಲ್ಲ. ಆದರೆ ಕಷ್ಟಪಟ್ಟ ಗೆಳೆಯ ಬೆಂಗಳೂರಲ್ಲಿದ್ದಾನೆ.

ಕೃಪೆಯ ಸಿದ್ಧಾಂತ ಕಾಯುವುದು ಈ ಸತ್ಯವನ್ನೇ. ನನ್ನ ಹಿಂದಿನ ದಾರಿಯನ್ನು ತಿರುಗಿ ನೋಡಿದಾಗ, ಇದನ್ನು ನಾನೊಬ್ಬನೇ ಗಳಿಸಲಿಲ್ಲ ಅಂತ ಒಪ್ಪಿಸುತ್ತೆ. ನನ್ನ ಬಾಯಲ್ಲಿ, ನನ್ನ ನಿನ್ನೆಯ ಬಗ್ಗೆ, 'ನನ್ನನ್ನು ಆರಿಸಿಕೊಂಡರು' ಅನ್ನೋದು ಕೃತಜ್ಞತೆ. ಅದೇ ವಾಕ್ಯವನ್ನು ಇನ್ನೊಬ್ಬನ ಬಗ್ಗೆ, ಅವನ ನಾಳೆಯ ಬಗ್ಗೆ, 'ಅವನನ್ನು ಆರಿಸಲಿಲ್ಲ' ಅಂತ ತಿರುಗಿಸಿದರೆ ಅದು ತೀರ್ಪು. ವ್ಯಾಕರಣದಲ್ಲಿ ಬದಲಾದದ್ದು ಪುರುಷ ಮತ್ತು ಒಂದು 'ಇಲ್ಲ' ಮಾತ್ರ. ಆದರೆ ಪ್ರಾರ್ಥನೆ ಹೋಗಿ ಶಿಕ್ಷೆಯಾಗಿಬಿಡುತ್ತೆ.

ನನ್ನ ಕೆಲಸದಲ್ಲಿ ಇದಕ್ಕೆ ಹತ್ತಿರದ ಒಂದು ತಪ್ಪಿದೆ. ರೋಗಿಗಳನ್ನೋ ಗ್ರಾಹಕರನ್ನೋ ಐದು ವರ್ಷ ಗಮನಿಸ್ತೀವಿ ಅಂದುಕೊಳ್ಳಿ. ಐದನೇ ವರ್ಷದ ಕೊನೆಗೂ ಕೆಲವರಿಗೆ ನಾವು ಕಾಯ್ತಿದ್ದ ಘಟನೆ ಆಗಿರೋದಿಲ್ಲ. ಅಂಥವರ ಡೇಟಾವನ್ನು 'ಸೆನ್ಸರ್ಡ್' ಅಂತೀವಿ, ಅಂದರೆ ನೋಡೋದನ್ನು ನಾವು ನಿಲ್ಲಿಸಿದ್ದೇವೆ, ಅವರ ಕಥೆ ನಿಂತಿಲ್ಲ. ಅವರನ್ನು 'ಎಂದೂ ಆಗದವರು' ಅಂತ ಲೆಕ್ಕಕ್ಕೆ ಹಾಕಿದರೆ ಇಡೀ ಉತ್ತರ ತಪ್ಪು. ಇಪ್ಪತ್ತೇಳು ವರ್ಷದ ಹುಡುಗನನ್ನು ನೋಡಿ 'ಎಂದೂ ಆಯ್ಕೆಯಾಗಿರಲಿಲ್ಲ' ಅನ್ನೋದು ಆ ತಪ್ಪೇ.

ನೀವು ಕೇಳಬಹುದು: ದೇವರ ಪಟ್ಟಿ ನಿಜವಾಗಿ ಇದ್ದರೆ, ನಾವು ಬಾಯಿ ಮುಚ್ಚಿದ ಮಾತ್ರಕ್ಕೆ ಇಲ್ಲವಾಗುತ್ತಾ? ಇಲ್ಲ. ಪಟ್ಟಿ ಇದೆಯೋ ಇಲ್ಲವೋ ಅನ್ನುವ ಪ್ರಶ್ನೆಯನ್ನು ನಾನು ಬಿಡಿಸಿಲ್ಲ. ಅದನ್ನು ಓದುವ ಅಧಿಕಾರ ಯಾರಿಗೂ ಇಲ್ಲ ಅಂತ ಮಾತ್ರ ಹೇಳ್ತಿದ್ದೇನೆ. ಇದಕ್ಕೆ ಸ್ವತಃ ಕ್ಯಾಲ್ವಿನ್ ಸಾಕ್ಷಿ. ಯಾರು ಆಯ್ಕೆಯಾದವರು ಅಂತ ನಮಗೆ ತಿಳಿಯದ ಕಾರಣ ಎಲ್ಲರ ರಕ್ಷಣೆಯನ್ನೂ ಬಯಸಬೇಕು ಅಂತ ಅವನು ಅಗಸ್ಟೀನನನ್ನು ನೆನೆದು ಬರೆದಿದ್ದಾನೆ. ಅಮೆರಿಕದ ಉತ್ತರದ ಪ್ರೆಸ್ಬಿಟೇರಿಯನ್ನರೂ 1903ರಲ್ಲಿ ತಮ್ಮ ಹಳೇ ನಂಬಿಕೆಪತ್ರಕ್ಕೆ ಮಾತು ಸೇರಿಸಿ, ಆಯ್ಕೆಯ ಸಿದ್ಧಾಂತವನ್ನು ಎಲ್ಲ ಮನುಷ್ಯರ ಮೇಲಿನ ದೇವರ ಪ್ರೀತಿಯ ಜೊತೆಗೇ ಓದಬೇಕು ಅಂದರು.

ಹಾಗಂತ ಆರ್ಮೀನಿಯಸ್‌ನ ದಾರಿ ಹಿಡಿದರೆ ನೋವು ತಪ್ಪುತ್ತೆ ಅಂತಲೂ ಇಲ್ಲ. ಎಲ್ಲವೂ ಮನುಷ್ಯನ ಒಪ್ಪಿಗೆಯ ಮೇಲೆ ನಿಂತಿದ್ದರೆ ಮುಂದಿನ ಪ್ರಶ್ನೆ ಇನ್ನೂ ಕೆಟ್ಟದ್ದು. ಆಂಟಿ ಅದನ್ನೂ ಕೇಳಿದರು: "ಹಾಗಾದರೆ ನಾನು ಎಲ್ಲಿ ತಪ್ಪಿದೆ? ಪ್ರಾರ್ಥನೆ ಕಡಿಮೆ ಆಯಿತಾ?" ಒಂದು ವಾದ ತಪ್ಪನ್ನು ಪಟ್ಟಿಯ ಮೇಲೆ ಹಾಕಿತು, ಇನ್ನೊಂದು ತಾಯಿಯ ತಲೆಗೆ ಕಟ್ಟಿತು. 'ನಿನ್ನ ಪ್ರತಿಕ್ರಿಯೆ ಮುಖ್ಯ' ಅನ್ನೋದೂ ನನಗೆ ನಾನೇ ಹೇಳಿಕೊಂಡರೆ ಹೊಣೆ. ಇನ್ನೊಬ್ಬರ ಗಾಯದ ಮೇಲೆ ಹೇಳಿದರೆ ದೂರು.

ಕೊನೆಗೆ ನಾನು ಆಂಟಿಗೆ ಫೋನ್ ಮಾಡಿದೆ. ಇಷ್ಟೆಲ್ಲ ಹೇಳಲಿಲ್ಲ. "ಆಂಟಿ, ಆ ಮಾತು ಹೇಳಿದವರ ಮತದ ದೊಡ್ಡ ಗುರುವೇ ಅಂಥ ಮಾತು ಹೇಳಕೂಡದು ಅಂದಿದ್ದಾನೆ," ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಾಗಾದರೆ ಗೊತ್ತಿಲ್ಲ ಅಂತ ಅಲ್ಲವಾ," ಅಂದರು. ಹೌದು ಅಂದೆ. "ಗೊತ್ತಿಲ್ಲ ಅಂದರೆ ಆಯಿತು ಮಾರಾಯ, ಅಷ್ಟು ಸಾಕು."

ಮಗ ಚರ್ಚಿಗೆ ಹೋಗ್ತಿಲ್ಲ, ಈಗಲೂ. ಶನಿವಾರ ಸಂಜೆ ಆಂಟಿ ಅವನಿಗೆ ಫೋನ್ ಮಾಡ್ತಾರೆ. ಭಾನುವಾರದ ವಿಷಯ ಎತ್ತೋದಿಲ್ಲ, ಊಟ ಆಯಿತಾ ಅಂತ ಕೇಳ್ತಾರೆ.